ಬಿಸಿಲಲ್ಲಿ ವೈಪರ್

೧

ಎಲ್ಲಿಂದ ಶುರು ಮಾಡುವುದು? ಕಾರಿನಿಂದ ಶುರು ಮಾಡಿದರೆ ಜಾಹೀರಾತು ಅಂತೀರಿ. ಅಕ್ಕತಂಗಿಯರಿಂದ ಶುರು ಮಾಡಿದರೆ ಧಾರಾವಾಹಿ ಅಂತೀರಿ. ಹವಾಮಾನದಿಂದ ಕಥೆ ಶುರು ಮಾಡುವ ವಯಸ್ಸು ನನಗೆ ಎಂದೋ ದಾಟಿತು. ಆದರೂ ಈ ಕಥೆಗೆ ಅದು ಬೇಕಾಗಿರುವುದರಿಂದ ಒಂದೇ ವಾಕ್ಯದಲ್ಲಿ ಹೇಳಿ ಕೈತೊಳೆದುಕೊಳ್ಳುತ್ತೇನೆ: ಆ ಇಡೀ ವಾರ ಒಂದು ಹನಿ ಮಳೆ ಬೀಳಲಿಲ್ಲ. (ನೆನಪಿರಲಿ. ಕೊನೆಯಲ್ಲಿ ಕೇಳುತ್ತೇನೆ.)

ಮೊದಲ ಕರಡು ಹೀಗಿತ್ತು: "ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದದ್ದು ಮೌನವೊಂದೇ. ಒಂದು ಸಂಜೆ ಅವಳ ಕಣ್ಣಿಗೆ ಕೆಂಪು ಕಾರೊಂದು ಬಿತ್ತು."

ಪರವಾಗಿಲ್ಲ ಅನ್ನಿಸಿತ್ತು ನನಗೆ. ಮೌನ ಇದೆ, ಕೆಂಪು ಇದೆ, ಸಾವೂ ಇದೆ. ಅಷ್ಟರಲ್ಲಿ ಕಥೆಯವಳೇ ಬಂದು ನಿಂತಳು. ಕೊರಳಲ್ಲಿ ಟೇಪು, ತುಟಿಗಳ ನಡುವೆ ಎರಡು ಗುಂಡುಪಿನ್ನು.

"ಯಾರ ಗಂಡ ರೀ ತೀರ್ಕೊಂಡಿದ್ದು?"

"ನಿಮ್ಮ ಗಂಡ."

"ನಂಗೆ ಗಂಡಾನೇ ಇಲ್ಲ. ಇಲ್ಲದೋನನ್ನ ಸಾಯ್ಸಿ ನಿಮಗೇನು ಸಿಗತ್ತೆ?"

"ಒಂದು ಕಾರಣ ಬೇಕಲ್ಲ! ಐವತ್ತು ದಾಟಿದ ಹೆಂಗಸು ಇದ್ದಕ್ಕಿದ್ದ ಹಾಗೆ ಇಟಲಿಯ ಸ್ಪೋರ್ಟ್ಸ್ ಕಾರು ಯಾಕೆ ಕೊಳ್ತಾಳೆ? ಒಳಗೊಂದು ನೋವಿಲ್ಲದಿದ್ರೆ ಓದುಗರು ನಂಬಲ್ಲ."

"ಚೆನ್ನಾಗಿತ್ತು, ಕೊಂಡೆ. ನಂಬದೋರು ಬಂದು ನೋಡ್ಲಿ. ಆಮೇಲೆ ಅದು ಕೆಂಪಲ್ಲ. ಬೂದು ನೀಲಿ."

ಕರಡು ಬುಟ್ಟಿಗೆ ಹೋಯಿತು.

೨

ಸರಿ, ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ.

ಅಕ್ಕ, ತಂಗಿ ಇಬ್ಬರೂ ಪರದೆ ಹೊಲಿಯುವವರು. ಒಂದು ಅಂಗಡಿ, ಅದರ ಹಿಂದೆ ಉದ್ದನೆಯ ಕತ್ತರಿಸುವ ಮೇಜು, ಎರಡು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿಟ್ಟ ರಾಡುಗಳು. ಅಕ್ಕ ಕತ್ತರಿಸುತ್ತಾಳೆ. ತಂಗಿ ಗಿರಾಕಿಗಳ ಮನೆಗೆ ಹೋಗಿ ಕಿಟಕಿ ಅಳೆದು ಬರುತ್ತಾಳೆ. ನೇತುಹಾಕುವುದಕ್ಕೆ ಮಾತ್ರ ಇಬ್ಬರೂ ಬೇಕು, ಯಾಕೆಂದರೆ ರಾಡಿಗೆ ಎರಡು ತುದಿ. ಗಿರಾಕಿಗಳ ಬಾಯಲ್ಲಿ ಅವರು ದೊಡ್ಡ ಮೇಡಂ, ಚಿಕ್ಕ ಮೇಡಂ. ಚಿಕ್ಕ ಮೇಡಂಗೆ ಕೂದಲು ಅರ್ಧ ಬೆಳ್ಳಗಾದರೂ ಬಡ್ತಿ ಸಿಕ್ಕಿಲ್ಲ.

ಅವರ ಹಳೇ ವ್ಯಾನು ಒಂದು ಏರಿನಲ್ಲಿ ಕೆಮ್ಮಿ, ಕೆಮ್ಮಿ, ಸುಮ್ಮನಾಯಿತು. ಇನ್ನೊಂದು ಹಳೇ ವ್ಯಾನು ನೋಡಿಕೊಂಡು ಬಾ ಅಂತ ಅಕ್ಕ ಚಿಕ್ಕವಳನ್ನು ಕಳಿಸಿದಳು. ಹಳೇ ಗಾಡಿ ಮಾರುವವನ ಅಂಗಳದಲ್ಲಿ ವ್ಯಾನು ಇತ್ತು, ಬಿಳಿಯದು, ಬ್ರೆಡ್ಡಿನ ಹಾಗೆ ಚೌಕವಾಗಿತ್ತು. ಆದರೆ ಅದರ ಮುಂದೆ ಅಡ್ಡಲಾಗಿ ಇನ್ನೊಂದು ಗಾಡಿ ನಿಂತಿತ್ತು.

"ಒಂದ್ನಿಮಿಷ ಮೇಡಂ, ಇದನ್ನ ಪಕ್ಕಕ್ಕೆ ತೆಗೀತೀನಿ," ಅಂದ ಮಾರುವವನು.

ಪಕ್ಕಕ್ಕೆ ತೆಗೆಯಲು ಅವನು ಎಂಜಿನ್ನು ಶುರು ಮಾಡಿದ. ಇಡೀ ಕಥೆ ಆ ಸದ್ದಿನಿಂದ ಹುಟ್ಟಿದ್ದು. ಗಟ್ಟಿ ಸದ್ದೇನಲ್ಲ. ಒಳ್ಳೆ ಬಟ್ಟೆಯನ್ನು ಒಂದೇ ಎಳೆತಕ್ಕೆ ನೇರವಾಗಿ ಹರಿದಾಗ ಬರುತ್ತದಲ್ಲ, ಅಂಥದ್ದು. (ಈ ಹೋಲಿಕೆ ನನ್ನದಲ್ಲ, ಅವಳದು. ನಾನು "ಹುಲಿ" ಅಂತ ಬರೆದಿದ್ದೆ. ಹೊಡೆದು ಹಾಕಿಸಿದಳು.)

ಎರಡೇ ಬಾಗಿಲಿನ ಕೂಪೆ ಕಾರು, ಹಳೇದು, ಬೆಲೆ ವ್ಯಾನಿನಷ್ಟೇ. ಮಾಡು ಹಿಂದಕ್ಕೆ ಜಾರುತ್ತಾ ಹೋಗಿ ಡಿಕ್ಕಿಯ ಮೇಲೆ ಮುಗಿಯುತ್ತದೆ. ಅವಳು ಕೊರಳಿನ ಟೇಪು ತೆಗೆದಳು. ಡಿಕ್ಕಿಯ ಉದ್ದ, ಅಗಲ, ಆಳ ಅಳೆದಳು. ಹಿಂದಿನ ಎರಡು ಪುಟ್ಟ ಸೀಟುಗಳಲ್ಲಿ ಎಡಗಡೆಯದನ್ನು ಮಡಿಸಿ, ಮುಂದಿನ ಎಡ ಸೀಟನ್ನೂ ಮಲಗಿಸಿ, ಹಿಂದಿನ ಗಾಜಿನ ಮೂಲೆಯಿಂದ ಮುಂದೆ ಕಾಲಿಡುವ ಜಾಗದ ತನಕ ಓರೆಯಾಗಿ ಅಳೆದಳು.

"ಮೇಡಂ, ಈ ಕಾರನ್ನ ಜನ ಓಡಿಸಿ ನೋಡ್ತಾರೆ, ಪಕ್ಕ ನಿಂತು ಫೋಟೋ ಹೊಡೆಸ್ಕೋತಾರೆ," ಅಂದ ಮಾರುವವನು. "ಅಳೆದು ನೋಡಿದ್ದು ನೀವೊಬ್ರೇ."

"ಎಂಟಡಿ ರಾಡು ಹಿಡಿಯತ್ತೆ," ಅಂದಳು ಅವಳು, ಸಾಕ್ಷಾತ್ ದೇವರನ್ನೇ ಕಂಡವಳ ದನಿಯಲ್ಲಿ. "ತುಂಬಾ ಪ್ರಾಕ್ಟಿಕಲ್ ಇದೆ."

ಮಾರುವವನು ಆ ಕಾರಿನ ಬಗ್ಗೆ ಆ ಪದವನ್ನು ಹಿಂದೆಂದೂ ಕೇಳಿರಲಿಲ್ಲವೇನೋ. ಖುಷಿಯಾಗಿ, "ಶನಿವಾರ ಸಂಜೆ ತನಕ ಇಟ್ಕೊಳಿ. ಬೇಡ ಅನ್ಸಿದ್ರೆ ತಂದು ವ್ಯಾನು ತಗೊಂಡು ಹೋಗಿ," ಅಂದ.

೩

ಅಂಗಡಿಯ ತಿರುವಿನಲ್ಲಿ ಅವಳು ಇಂಡಿಕೇಟರ್ ಹಾಕಿದಳು. ವೈಪರ್ ಆಡಿತು.

ಹಳೇ ವ್ಯಾನಿನಲ್ಲಿ ಸ್ಟೀರಿಂಗಿನ ಬಲಗಡೆ ಕಡ್ಡಿ ಇಂಡಿಕೇಟರಿನದು. ಇಟಲಿಯವರು ಅದನ್ನು ಎಡಗಡೆ ಇಟ್ಟು, ಬಲಗಡೆ ವೈಪರ್ ಇಟ್ಟಿದ್ದಾರೆ. ಕೈಗೆ ಇದು ಗೊತ್ತಿಲ್ಲ. ಸುಡು ಬಿಸಿಲಲ್ಲಿ, ಒಣ ಗಾಜಿನ ಮೇಲೆ ಕರ್ ಕರ್ ಅಂತ ವೈಪರ್ ಆಡಿಸುತ್ತಾ ಬಂದು ನಿಂತ ತಂಗಿಯನ್ನು ಅಕ್ಕ ಅಂಗಡಿ ಬಾಗಿಲಿಂದ ನೋಡಿದಳು.

"ಯಾರ್ದೇ ಇದು?"

"ನಮ್ದು ಅಕ್ಕ."

"ವ್ಯಾನೆಲ್ಲಿ?"

"ಇದರ ಹಿಂದೆ ಇತ್ತು."

ಅಕ್ಕ ಕಾರಿನ ಸುತ್ತ ಒಂದು ಸುತ್ತು ಬಂದಳು. ಕತ್ತರಿ ಕೈಯಲ್ಲೇ ಇತ್ತು. "ಉಳಿದೆರಡು ಬಾಗಿಲು ಆಮೇಲೆ ಕಳಿಸ್ತಾರಾ?"

"ಎರಡೇ ಕಣಕ್ಕ. ತುಂಬಾ ಪ್ರಾಕ್ಟಿಕಲ್. ಡಿಕ್ಕಿ ನೋಡು, ಗಾಜಿನ ಸಮೇತ ಮೇಲೇಳತ್ತೆ. ಚಿಕ್ಕ ಜಾಗದಲ್ಲೂ ನಿಲ್ಲಿಸ್ಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ದಾರೀಲಿ ಕೈ ಅಡ್ಡ ಹಾಕಿದೋರಿಗೆಲ್ಲಾ ಲಿಫ್ಟ್ ಕೊಡಬೇಕಾಗಿಲ್ಲ. ಕೂರ್ಸೋಕೆ ಜಾಗಾನೇ ಇಲ್ಲ."

"ಮಳೆ ಎಲ್ಲಿದೆ ಅಂತ ವೈಪರ್ ಹಾಕಿದ್ದೆ?"

"ಅದು ಇಂಡಿಕೇಟರ್."

ಅಕ್ಕ ಕತ್ತರಿಯನ್ನು ಬಾನೆಟ್ಟಿನ ಮೇಲೆ ಇಡಲು ಹೋಗಿ, ಯಾಕೋ ಇಡದೆ, ಸೊಂಟಕ್ಕೆ ಸಿಕ್ಕಿಸಿಕೊಂಡಳು. (ಇದನ್ನು ನಾನು ಗಮನಿಸಿದೆ. ಚಿಕ್ಕವಳು ಗಮನಿಸಲಿಲ್ಲ.) ಆಮೇಲೆ ತೀರ್ಪು ಕೊಟ್ಟಳು:

"ಶನಿವಾರ ರಂಗಮಂದಿರದ ಹೆಬ್ಬಾಗಿಲ ಪರದೆ ಕೆಲಸ ಇದೆ. ವೆಲ್ವೆಟ್ ಅಷ್ಟೂ, ರಾಡು ಸಮೇತ, ಒಂದೇ ಸಲಕ್ಕೆ ಹೋದ್ರೆ ಕಾರು ಇರ್ಲಿ. ಹೋಗದಿದ್ರೆ ಅಲ್ಲಿಂದ ನೇರ ಆ ಗಾಡಿ ಮಾರೋನ ಅಂಗಳ, ವ್ಯಾನು. ಆಮೇಲೆ ಮೂತಿ ಊದಿಸ್ಬಾರ್ದು."

"ಊದಿಸಲ್ಲ," ಅಂದಳು ತಂಗಿ, ಆಗಲೇ ಊದಿಸಿಕೊಂಡು.

೪

ಇಲ್ಲಿ ನಾನೊಂದು ಹಿನ್ನೋಟ ಹಾಕಬೇಕೆಂದಿದ್ದೆ. ಬಾಲ್ಯ, ಒಂದು ಆಟಿಕೆ ಕಾರು, ಅದನ್ನು ಕಸಿದುಕೊಂಡ ಅಕ್ಕ.

"ನಮ್ಮಕ್ಕ ಏನನ್ನೂ ಕಸ್ಕೊಂಡಿಲ್ಲ," ಅಂದಳು ಚಿಕ್ಕವಳು. "ಅವಳ ಮೇಲೆ ಅಪವಾದ ಹೊರಿಸಿದ್ರೆ ನಾನು ಕಥೆ ಬಿಟ್ಟು ಹೋಗ್ತೀನಿ."

"ಹಾಗಾದ್ರೆ ನಿಜವಾದ ಕಾರಣ ಹೇಳಿ. ಇಬ್ಬರಲ್ಲೇ ಇರಲಿ."

"ಇಬ್ಬರಲ್ಲೇ ಅಂತೀರಿ, ಅಚ್ಚು ಹಾಕಿಸ್ತೀರಿ." ಪಿನ್ನುಗಳನ್ನು ಬಾಯಿಂದ ತೆಗೆದು ಸೆರಗಿಗೆ ಚುಚ್ಚಿಕೊಂಡಳು. ಆಮೇಲೆ ಹೇಳಿದಳು: "ನಾನು ಎಷ್ಟೋ ಮನೆ ಕಿಟಕಿ ಅಳೆದಿದೀನಿ. ಒಂದರಿಂದ ಕೆರೆ ಕಾಣತ್ತೆ, ಒಂದರಿಂದ ರೈಲು ಕಾಣತ್ತೆ, ಒಂದರಿಂದ ಎದುರು ಮನೆ ಜಗಳ ಕಾಣತ್ತೆ. ಎಲ್ಲಾ ಕಣ್ತುಂಬ ನೋಡ್ತೀನಿ. ಆಮೇಲೆ? ಮುಚ್ಚಿ ಬರ್ತೀನಿ. ಅದೇ ನನ್ನ ಕಸುಬು. ಆವತ್ತು ಆ ಕಾರಲ್ಲಿ ಕೂತೆ ನೋಡಿ, ಎದುರಿಗೆ ಇಷ್ಟಗಲ ಗಾಜು. ಕೈ ತಂತಾನೆ ಟೇಪಿಗೆ ಹೋಯ್ತು. ಆಮೇಲೆ ಹೊಳೀತು, ಇದಕ್ಕೆ ಯಾರೂ ಪರದೆ ಕೇಳಲ್ಲ."

"ಇದನ್ನ ನಿಮ್ಮಕ್ಕನಿಗೆ ಹೇಳಬಹುದಲ್ಲ?"

"ಪ್ರಾಕ್ಟಿಕಲ್ ಅಂತ ಹೇಳಿದೀನಲ್ಲ. ಅಷ್ಟು ಸಾಕು."

೫

ಶನಿವಾರ ಬೆಳಿಗ್ಗೆ. ವೆಲ್ವೆಟ್ ಕಡು ನೇರಳೆ ಬಣ್ಣದ್ದು, ನೆರಿಗೆ ಹಿಡಿದು ಹೊಲಿದು, ಸುರುಳಿ ಸುತ್ತಿದರೆ ಮಲಗಿರುವ ಹಸುವಿನಷ್ಟು. ಅಕ್ಕ ಕೈಕಟ್ಟಿ ನಿಂತಳು, ಪರೀಕ್ಷೆಯ ಕೊಠಡಿಯಲ್ಲಿ ನಿಲ್ಲುವವರ ಹಾಗೆ. ಚಿಕ್ಕವಳು ಒಬ್ಬಳೇ ತುಂಬಿದಳು. ಹಸುವಿನ ಮುಕ್ಕಾಲು ಭಾಗ ಡಿಕ್ಕಿಗೆ ಹೋಯಿತು. ಉಳಿದದ್ದು ಹಿಂದಿನ ಬಲ ಸೀಟಿಗೆ. ಎಂಟಡಿ ರಾಡನ್ನು ಹಿಂದಿನಿಂದ ತೂರಿಸಿದಳು. ಮಡಿಸಿದ ಸೀಟು ದಾಟಿ, ಮಲಗಿಸಿದ ಸೀಟು ದಾಟಿ, ಮುಂದಿನ ಮೂಲೆಗೆ ಮೆತ್ತಗೆ ತಾಗಿ ನಿಂತಿತು. ಡಿಕ್ಕಿ ಮುಚ್ಚಿದಳು. ಟಪ್. ಅಂಗುಲಕ್ಕೆ ಅಂಗುಲ.

"ನೋಡಿದ್ಯಾ!" ಚಿಕ್ಕವಳು ಚಪ್ಪಾಳೆ ತಟ್ಟಿ ಡ್ರೈವರ್ ಸೀಟಲ್ಲಿ ಕೂತು ಎಂಜಿನ್ನು ಶುರು ಮಾಡಿದಳು. "ಬಾ ಅಕ್ಕ, ಹೊರಡೋಣ."

ಅಕ್ಕ ಬರಲಿಲ್ಲ. ಕಿಟಕಿಯ ಹತ್ತಿರ ಬಗ್ಗಿ, ತುಂಬಾ ಮೃದುವಾಗಿ ಕೇಳಿದಳು:

"ನಾನೆಲ್ಲಿ ಕೂತ್ಕೊಳ್ಳಿ?"

(ಓದುಗರೇ, ಇದು ಚಿಕ್ಕವಳ ದಡ್ಡತನವಲ್ಲ, ಅವಳ ಕಸುಬು. ಕಿಟಕಿ ಅಳೆಯುವವರು ಚೌಕಟ್ಟು ಅಳೆಯುತ್ತಾರೆ, ಎತ್ತರ ಅಳೆಯುತ್ತಾರೆ, ನೆಲಕ್ಕೆಷ್ಟು ಬಿಡಬೇಕು ಅಂತ ಅಳೆಯುತ್ತಾರೆ. ಕೋಣೆಯೊಳಗಿನ ಮನುಷ್ಯರನ್ನು ಅಳೆಯುವುದಿಲ್ಲ. ಅಳೆಯುವಾಗ ಅವರಿಗೆ ಪಕ್ಕಕ್ಕೆ ಸರಿಯಿರಿ ಅನ್ನುತ್ತಾರೆ.)

ಚಿಕ್ಕವಳ ಮುಖ ನೋಡಲಾಗಲಿಲ್ಲ. ಎಂಜಿನ್ನು ಆರಿಸಿ ಕೆಳಗಿಳಿದಳು. "ನಾನು ಸಾಮಾನು ಬಿಟ್ಟು ಬಂದು ನಿನ್ನ ಕರ್ಕೊಂಡು ಹೋಗ್ತೀನಿ," ಅಂದಳು.

"ಅದು ಎರಡು ಸಲ ಆಗತ್ತೆ."

"ನೀನು ಸಾಮಾನಲ್ವಲ್ಲ!"

"ಒಂದೇ ಸಲಕ್ಕೆ ಅಂದಿದ್ದೆ."

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ನಾನು ಪೆನ್ನಿನ ಮುಚ್ಚಳವನ್ನೂ ಹುಡುಕುತ್ತಿದ್ದೆ. ಆಗ ಅಕ್ಕ ಹಿಂದಿನ ಬಲ ಸೀಟಿನ ಮೇಲಿದ್ದ ವೆಲ್ವೆಟ್ಟನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, "ಮುಂದಿನ ಸೀಟು ಬಗ್ಗಿಸು," ಅಂದಳು.

"ಅಕ್ಕ, ನಿನ್ನ ಮಂಡಿ..."

"ಮಂಡಿ ನಂದು. ಬಗ್ಗಿಸು."

ಮೊದಲು ತಲೆ ಹೋಯಿತು. ಆಮೇಲೆ ಒಂದು ಕಾಲು. ಆಮೇಲೆ ಸ್ವಲ್ಪ ಹೊತ್ತು ಏನೂ ಹೋಗಲಿಲ್ಲ. ಕೊನೆಗೆ ಚಿಕ್ಕವಳು ಹಿಂದಿನಿಂದ ಭುಜ ಕೊಟ್ಟು ನೂಕಿದಳು. ಒಳಗಿಂದ ಬೈಗುಳವೊಂದು ಬಂತು, ಹಿಂದೆಯೇ ಅಕ್ಕನ ಚಪ್ಪಲಿ ಹೊರಗೆ ಬಿತ್ತು. ತೊಡೆಯ ಮೇಲೆ ಕುತ್ತಿಗೆವರೆಗೂ ನೇರಳೆ ವೆಲ್ವೆಟ್, ಕಿವಿಯ ಪಕ್ಕ ರಾಡು. ಸಿಂಹಾಸನಕ್ಕೆ ಕಟ್ಟಿಹಾಕಿದ ಮಹಾರಾಣಿಯ ಹಾಗೆ ಕಂಡಳು.

"ಹೊರಡು," ಅಂದಳು ಮಹಾರಾಣಿ. "ವೈಪರ್ ಹಾಕ್ಬೇಡ."

೬

ದಾರಿಯಲ್ಲಿ ಏನಾಯಿತು ಅಂತ ನಾನು ಬರೆಯಲಾರೆ. ಒಳಗೆ ನನಗೆ ಜಾಗವಿರಲಿಲ್ಲ. ಬಸ್ಸಿನಲ್ಲಿ ಹಿಂದೆ ಬಂದೆ. ರಂಗಮಂದಿರದ ಮುಂದೆ ನಾನಿಳಿದಾಗ ಕಾರು ಅಲುಗಾಡುತ್ತಿತ್ತು. ಅಲ್ಲಿನ ಮ್ಯಾನೇಜರ್ ಗಾಬರಿಯಿಂದ ಒಳಗೆ ಇಣುಕಿ ನೋಡುತ್ತಿದ್ದ.

"ದೊಡ್ಡ ಮೇಡಂಗೆ ಏನಾಯ್ತು? ಅಳ್ತಿದಾರಾ?"

ಅಳುತ್ತಿರಲಿಲ್ಲ. ನಗುತ್ತಿದ್ದಳು. ಇಳಿಯಲು ಆಗುತ್ತಿರಲಿಲ್ಲ, ಇಳಿಯಲು ಆಗದ್ದಕ್ಕೆ ನಗು, ನಕ್ಕಿದ್ದಕ್ಕೆ ಇನ್ನಷ್ಟು ಇಳಿಯಲಾಗದೆ ಮತ್ತೆ ನಗು. ಚಿಕ್ಕವಳು ರಸ್ತೆಯ ಮೇಲೇ ಕುಕ್ಕರಗಾಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡಿದ್ದಳು.

"ಎಳೀರಿ," ಅಂದಳು ಅಕ್ಕ ಮ್ಯಾನೇಜರಿಗೆ. "ವೆಲ್ವೆಟ್ ಮೊದ್ಲು. ಸುಕ್ಕಾದ್ರೆ ಸಾಯಿಸ್ತೀನಿ. ಆಮೇಲೆ ನನ್ನ. ನಾನು ಆಗ್ಲೇ ಸುಕ್ಕಾಗಿದೀನಿ."

ಪರದೆ ಏರಿತು. ಒಂದೊಂದು ಏಣಿಯ ಮೇಲೆ ಒಬ್ಬೊಬ್ಬಳು, ರಾಡಿನ ಒಂದೊಂದು ತುದಿಯಲ್ಲಿ. ಮಧ್ಯೆ ಮಾತೇ ಇಲ್ಲ; "ಹೂಂ" ಅಂದರೆ ಎತ್ತಬೇಕು, "ಹೂಂಹೂಂ" ಅಂದರೆ ನಿಲ್ಲಿಸಬೇಕು. ನೆರಿಗೆಗಳು ಒಂದೇ ಸಮ ಇಳಿದು, ನೆಲಕ್ಕೆ ಬೆರಳಿನಷ್ಟು ಬಿಟ್ಟು ನಿಂತವು.

೭

ಈಗ ಮುಗಿಸಬೇಕು. ನನ್ನ ಹತ್ತಿರ ಎರಡು ಮುಕ್ತಾಯಗಳಿವೆ.

ಒಂದು: ಅಕ್ಕನ ಮಂಡಿ ಊದಿಕೊಳ್ಳುತ್ತದೆ. ತಂಗಿ ತಾನಾಗಿಯೇ ಕಾರು ವಾಪಸು ಕೊಟ್ಟು ವ್ಯಾನು ತರುತ್ತಾಳೆ. ತ್ಯಾಗ. ಬಹುಮಾನಕ್ಕೆ ಕಳಿಸಬಹುದು.

"ಮಂಡಿಗೇನಾಗಿದೆ?" ಅಕ್ಕ ಮೊದಲ ಬಾರಿಗೆ ನನ್ನ ಕಡೆ ತಿರುಗಿದಳು. "ಚೆನ್ನಾಗೇ ಇದೆ. ನಿಮ್ಮ ಕಥೆಗೋಸ್ಕರ ಊದಿಸ್ಕೊಳ್ಳೋಕಾಗಲ್ಲ."

ಎರಡು: ಅಕ್ಕ ತಂಗಿಯನ್ನು ಅಪ್ಪಿಕೊಂಡು, "ಕಾರು ನಿಂದೇ ಕಣೇ," ಅನ್ನುತ್ತಾಳೆ.

ಇದಕ್ಕೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮೂಗು ಮುರಿದರು.

ಬದಲಿಗೆ ನಡೆದದ್ದು ಇಷ್ಟು. ರಂಗಮಂದಿರದ ಹಳೇ ಹರಕು ಪರದೆಯನ್ನು ಅಸ್ತರಿಗಾಗುತ್ತೆ ಅಂತ ಸುತ್ತಿ ಹಿಂದಿನ ಸೀಟಿಗೆ ತುಂಬಿದರು. ಚಿಕ್ಕವಳು ಬಾನೆಟ್ಟಿಗೆ ಒರಗಿ, ನೆಲ ನೋಡುತ್ತಾ ಕೇಳಿದಳು: "ಒಂದೇ ಸಲಕ್ಕೆ ಬಂತು. ಲೆಕ್ಕಕ್ಕಿದೆಯಾ, ಇಲ್ವಾ?"

"ಸಾಮಾನು ಬಂತು. ನಾನೂ ಸಾಮಾನಿನ ಹಾಗೇ ಬಂದೆ," ಅಂದಳು ಅಕ್ಕ. "ಕೀ ಕೊಡು."

"ಯಾಕೆ?"

"ವಾಪಸು ಕೊಡೋದಿದ್ರೂ ಒಂದ್ಸಲ ಓಡಿಸದೆ ಕೊಡ್ಲಾ?"

ಅಕ್ಕ ಡ್ರೈವರ್ ಸೀಟಲ್ಲಿ ಕೂತಳು. ಮುಂದಿನ ಗಾಜನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯ ತನಕ ನೋಡಿದಳು, ಅವರ ಮನೆತನದ ಕಣ್ಣಲ್ಲಿ, ಅಂದರೆ ಅಳೆಯುತ್ತಾ. ಚಿಕ್ಕವಳು ಮಲಗಿಸಿದ್ದ ಸೀಟನ್ನು ಎತ್ತಿ ನಿಲ್ಲಿಸಿ ಪಕ್ಕದಲ್ಲಿ ಕೂತಳು.

ನಾನು ಓಡಿ ಹೋಗಿ ಕಿಟಕಿ ತಟ್ಟಿದೆ. "ನಾನೂ ಬರ್ತೀನಿ!"

"ಹಿಂದೆ ಪರದೆ ಇದೆಯಲ್ಲ," ಅಂದಳು ಚಿಕ್ಕವಳು.

"ಈ ಕಥೆ ಬರೀತಿರೋನು ನಾನು!"

"ಲಿಫ್ಟ್ ಕೊಡಬೇಕಾಗಿಲ್ಲ ಅಂತ ಮೂರನೇ ಭಾಗದಲ್ಲೇ ಹೇಳಿದ್ನಲ್ಲ. ಬರೆದೋರು ನೀವೇ." ಎಷ್ಟು ಪ್ರಾಕ್ಟಿಕಲ್ ಅಂತ ಅವಳ ಮುಖವೇ ಹೇಳುತ್ತಿತ್ತು.

ಒಂದೇ ಎಳೆತಕ್ಕೆ ನೇರವಾಗಿ ಹರಿದ ಬಟ್ಟೆಯ ಸದ್ದು. ಹೊರಟೇಬಿಟ್ಟರು.

ನಾನು ಫುಟ್‌ಪಾತಿನ ಮೇಲೆ ನಿಂತಿದ್ದೇನೆ. ಮುಂದೆ ಕೂಡುರಸ್ತೆ. ಎಡಕ್ಕೆ ಹೋದರೆ ಮಾರುವವನ ಅಂಗಳ, ಬಿಳಿ ವ್ಯಾನು. ಬಲಕ್ಕೆ ಹೋದರೆ ಊರು ಮುಗಿದು, ನೇರವಾದ ಖಾಲಿ ರಸ್ತೆ. ಸಿಗ್ನಲ್ ಕೆಂಪಿದೆ. ಬೂದು ನೀಲಿ ಕಾರು ಅಲ್ಲಿ ನಿಂತಿದೆ. ಅಕ್ಕ ಈಗ ಇಂಡಿಕೇಟರ್ ಹಾಕುತ್ತಾಳೆ. ಹಾಕಿದ ತಕ್ಷಣ ನಿಮಗೆ ಹೇಳುತ್ತೇನೆ, ಕಥೆ ಮುಗಿಯುತ್ತದೆ, ನಾವೆಲ್ಲ ಮನೆಗೆ ಹೋಗಬಹುದು.

ಹಾಕಿದಳು.

ಸುಡು ಬಿಸಿಲಲ್ಲಿ ವೈಪರ್ ಎದ್ದಿತು. ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಎಡಕ್ಕೆ, ಬಲಕ್ಕೆ. ತೆರೆದ ಕಿಟಕಿಯಿಂದ ಇಬ್ಬರ ನಗು ಇಲ್ಲಿಯವರೆಗೂ ಕೇಳುತ್ತಿದೆ.

ಕೇಳುತ್ತೇನೆ ಅಂದಿದ್ದೆನಲ್ಲ, ಹೇಳಿ: ಮಳೆ ಎಲ್ಲಿದೆ?

ಸಿಗ್ನಲ್ ಹಸಿರಾಯಿತು.