ಏಟಿನ ತೂಕ

ನಾನು ಒಂದು ಟ್ಯಾಬ್ಲೆಟ್. ನನ್ನ ಮೈಮೇಲೆ ಪೆನ್ನಿನಿಂದ ಗೀಚಿದ್ದು ಕಂಪ್ಯೂಟರಿನ ಪರದೆಯಲ್ಲಿ ಚಿತ್ರವಾಗಿ ಮೂಡುತ್ತದೆ. ಕಾರ್ಖಾನೆಯಲ್ಲಿ ನನ್ನನ್ನು ಕಾದ ಅಚ್ಚಿನೊಳಗೆ ಒತ್ತಿದರು, ಅಂಚುಗಳನ್ನು ಬ್ಲೇಡಿನಿಂದ ಹೆರೆದರು. ನೋವು ಉಂಡೇ ಹುಟ್ಟಿದೆ.

ಹುಬ್ಬಳ್ಳಿಯ ಅಂಗಡಿಯಿಂದ ನನ್ನನ್ನು ಕೊಂಡವನು ಫಕೀರೇಶ. ಮಾರ್ಕೆಟ್ಟಿನಲ್ಲಿ ಸಾಮಾನಿನ ಟೆಂಪೊ ಓಡಿಸುತ್ತಿದ್ದ. ಜಗಳವಿಲ್ಲದ ವಾರ ಅವನಿಗಿರಲಿಲ್ಲ. ಆದರೂ ವಿಡಿಯೊ ಗೇಮ್ ಮಾಡುವುದನ್ನು ಕಲಿಯಲು ಸೇರಿದ್ದ ತಂಗಿ ನೀಲಗಂಗಾಳ ಕೈಗೆ ನನ್ನನ್ನು ಹಸುಗೂಸಿನಂತೆ ಜೋಪಾನವಾಗಿ ಕೊಟ್ಟ.

ಚೆನ್ನಾಗಿ ಚಿತ್ರ ಬರೆದರೆ ಸಾಕೆಂದು ಅವಳು ತಿಳಿದಿದ್ದಳು. ಗೇಮಿಗೆಂದು ಅವಳು ಬರೆದ ಮೊದಲ ಹೊಡೆದಾಟವನ್ನು ನೋಡಿ, ಕಲಿಸುವ ನಾಜಿಯಾ ಮೇಡಂ ತಲೆಯನ್ನು ಅಡ್ಡಡ್ಡ ಆಡಿಸಿದರು.

"ಚಿತ್ರ ಚಂದ ಐತಿ. ಏಟಿಗೆ ತೂಕ ಇಲ್ಲ. ಮನಷ್ಯಾನ ಮೈ ಹೆಂಗ ಹೊಳ್ಳತೈತಿ ನೋಡು. ಗಣಿತ ಬೇಕು, ಕೋಡ್ ಬರಿಯಾಕ ಬರಬೇಕು. ಮತ್ತ ಬ್ಯಾರೆಯವರು ನಿನ್ನ ಗೇಮ್ ಆಡೂವಾಗ ಬಾಯಿ ಮುಚ್ಚಿ ನೋಡೂದು ಕಲಿ."

ನೀಲಗಂಗಾ ಅಣ್ಣನನ್ನೇ ಹಿತ್ತಲಲ್ಲಿ ನಿಲ್ಲಿಸಿದಳು. ಅವನು ಉಸುಕಿನ ಚೀಲ ತೂಗುಹಾಕಿ ಗುದ್ದಿ ತೋರಿಸಿದ. "ಕೈ ಅಲ್ಲ ತಂಗಿ, ಮೊದಲ ಹಿಮ್ಮಡ ಹೊಳ್ಳತೈತಿ. ಆಮ್ಯಾಲ ಸೊಂಟ, ಆಮ್ಯಾಲ ಭುಜ." ಚೀಲ ಹರಿದು ಉಸುಕು ಸುರಿಯಿತು. ಅವಳು ಅದನ್ನೆಲ್ಲ ನನ್ನ ಮೇಲೆ ಬರೆದಳು. ಎಷ್ಟು ಜೋರಿನ ಏಟಿಗೆ ದೇಹ ಎಷ್ಟು ದೂರ ಹಾರಬೇಕೆಂದು ಲೆಕ್ಕ ಹಾಕಿ ಕೋಡ್ ಬರೆದಳು. ಅವಳ ಗೇಮಿನಲ್ಲಿ ದವಡೆ ಮುರಿದವು, ಹಲ್ಲು ಹಾರಿದವು, ಗೋಡೆಗೆ ರಕ್ತ ಸಿಡಿಯಿತು. ಬಿದ್ದವರು ಮಿನುಗಿ ಮಾಯವಾದರು. ಗೆಳೆಯರು ಆಡಿ ಕೇಕೆ ಹಾಕಿದರು.

ಮೇಡಂ ಮಾತ್ರ ಕೇಳಿದರು, "ಬಿದ್ದಾಂವ ಎಲ್ಲಿ ಹೋದ?"

"ಗೇಮಿನ್ಯಾಗ ಹಂಗ ಇರತೈತ್ರಿ ಮೇಡಂ."

ಆ ಸಂಜೆ ನನ್ನನ್ನು ಚೀಲದಲ್ಲಿ ಹಾಕಿಕೊಂಡು ಅವಳು ಟೆಂಪೊ ಸ್ಟ್ಯಾಂಡಿಗೆ ಬಂದಾಗ, ಮೊದಲು ಸಾಮಾನು ಹೇರುವ ಪಾಳಿ ಯಾರದೆಂದು ಫಕೀರೇಶನಿಗೂ ಶೆಟ್ಟೆಪ್ಪನೆಂಬ ಚಾಲಕನಿಗೂ ಜಗಳ ಹತ್ತಿತ್ತು. ಅಣ್ಣನ ಹಿಮ್ಮಡ ಹೊರಳಿದ್ದನ್ನು ಅವಳು ಕಂಡಳು. ಶೆಟ್ಟೆಪ್ಪನ ಮೂಗು ಒಡೆಯಿತು. ಎರಡನೆಯ ಗುದ್ದು ಕಣ್ಣಿಗೆ ಬಿತ್ತು. ಅವನು ಕುಸಿದ. ಮಾಯವಾಗಲಿಲ್ಲ. ರಕ್ತ ಉಗುಳುತ್ತ, ನೆಲ ತಡವುತ್ತ ತೆವಳಿದ. ಫಕೀರೇಶ ಜಾಕಿನ ರಾಡು ಎತ್ತಿಕೊಂಡ.

"ಅಣ್ಣಾ, ಬ್ಯಾಡ! ಸಾಯ್ತಾನ!"

ಅವಳು ಓಡಿಬಂದು, ನಾನಿದ್ದ ಚೀಲವನ್ನು ಶೆಟ್ಟೆಪ್ಪನ ತಲೆಗೆ ಅಡ್ಡ ಹಿಡಿದಳು. ರಾಡು ನನ್ನ ಮೇಲೆ ಇಳಿಯಿತು. ನಾನು ಎರಡು ತುಂಡಾದೆ. ಅವಳ ಮಣಿಕಟ್ಟು ಮುರಿಯಿತು. ತಂಗಿಯ ಚೀರಾಟ ಕೇಳಿದ ಮೇಲೆಯೇ ಅವನ ಕೈಯಿಂದ ರಾಡು ಜಾರಿದ್ದು.

ಶೆಟ್ಟೆಪ್ಪ ಬದುಕಿದ, ಒಂದು ಕಣ್ಣು ಹೋಯಿತು. ಫಕೀರೇಶ ಜೈಲಿಗೆ ಹೋದ. ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೀಲಗಂಗಾ ಎಡಗೈಯಿಂದಲೇ ಗೇಮನ್ನು ತಿದ್ದಿದಳು. ಈಗ ಅದರಲ್ಲಿ ಬಿದ್ದವನು ಬಿದ್ದಲ್ಲೇ ಇರುತ್ತಾನೆ, ಏದುಸಿರು ಬಿಡುತ್ತಾನೆ. ಅದನ್ನು ನೋಡಿ ಗೇಮ್ ಕಂಪನಿಯೊಂದು ಅವಳನ್ನು ಕೆಲಸಕ್ಕೆ ಕರೆಯಿತು.

ಶಿಕ್ಷೆ ಮುಗಿಸಿ ಬಂದ ಫಕೀರೇಶ ಅದನ್ನು ಆಡಲು ಕೂತ. ಒಬ್ಬನನ್ನು ಕೆಡವಿದ. ಮುಂದೆ ಹೋದ, ತಿರುಗಿ ಬಂದ. ಒಂದೊಂದೇ ಬಟನ್ ಒತ್ತಿ ನೋಡಿದ.

"ತಂಗಿ, ಇವನ್ನ ಎಬ್ಬಸೂದು ಯಾವ ಬಟನ್?"

"ಅದಕ್ಕ ಬಟನ್ ಇಲ್ಲಣ್ಣಾ."

ಅವನು ಎದ್ದು ಶೆಟ್ಟೆಪ್ಪನ ಮನೆಗೆ ಹೋದ. ಮರಳಿದಾಗ ಅಂಗಿ ಹರಿದಿತ್ತು, ತುಟಿ ಸೀಳಿತ್ತು. ಶೆಟ್ಟೆಪ್ಪನ ತಮ್ಮಂದಿರು ಅವನನ್ನು ಅಂಗಳದಲ್ಲೇ ಕೆಡವಿ ತುಳಿದಿದ್ದರು.

ನೀಲಗಂಗಾ ರಕ್ತ ಒರೆಸುತ್ತ ಕೇಳಿದಳು, "ನೀ ಕೈ ಎತ್ತಲಿಲ್ಲೇನು?"

"ಹೆಂಗ ಎತ್ತಲಿ? ಅಂವ ಕಟ್ಟಿ ಮ್ಯಾಲ ಕುಂತು ಒಂದ ಕಣ್ಣಿಲೆ ನೋಡಾಕತ್ತಿದ್ದ."

ನಾನೀಗ ಕಪಾಟಿನ ಮೇಲೆ ಧೂಳು ಹೊದ್ದು ಮಲಗಿದ್ದೇನೆ. ನನ್ನ ಮೇಲೆ ನೀಲಗಂಗಾ ಅದೆಷ್ಟೋ ಏಟುಗಳನ್ನು ಬರೆದಳು. ನಾನು ತಡೆದದ್ದು ಒಂದನ್ನೇ. ಈ ಮುಪ್ಪಿನಲ್ಲಿ ನೆನಪಿಗೆ ಬರುವುದೂ ಅದೇ.