ಏನೂ ಆರ್ಡರ್ ಮಾಡದವಳು

ಡೊಂಬಿವಲಿ ಈಸ್ಟಿನಲ್ಲಿ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುವ ಆ ಸಸ್ಯಾಹಾರಿ ಹೋಟೆಲಿನ ಗಲ್ಲಾದಲ್ಲಿ ಜಯಲತಾ ಇಪ್ಪತ್ತೆಂಟು ವರ್ಷದಿಂದ ಕೂತಿದ್ದಾಳೆ. ಅಡುಗೆಮನೆ, ಬಜಾರು ಎಲ್ಲ ಗಂಡ ಮೋಹನದಾಸನದು, ಟೇಬಲುಗಳು ಇವಳವು. ಗಿರಾಕಿಗಳ ಮುಖ ಇವಳಿಗೆ ನೆನಪಿರುವುದಿಲ್ಲ, ಟೇಬಲು ನೆನಪಿರುತ್ತದೆ. ಯಾರ ಸಾಂಬಾರು ಮುಗಿದಿದೆ, ಯಾರು ತಿಂದಾದ ಮೇಲೂ ಏಳದೆ ಮೊಬೈಲು ತೀಡುತ್ತಿದ್ದಾರೆ, ಯಾರು ಬಂದು ಕೂತು ಹತ್ತು ನಿಮಿಷವಾದರೂ ಏನು ಬೇಕೆಂದು ಯಾರೂ ಕೇಳಲಿಲ್ಲ, ಇದನ್ನೆಲ್ಲ ಎದುರಿಗಿರುವವನ ಜೊತೆ ಮಾತಾಡುತ್ತಲೇ ನೋಡಿಬಿಡುತ್ತಾಳೆ.

ಈ ಕಣ್ಣು ಮಗನ ಕೆಲಸಕ್ಕೆ ಒದಗೀತು ಎಂದು ಯಾರೂ ಎಣಿಸಿರಲಿಲ್ಲ.

ಇಪ್ಪತ್ತಾರು ವರ್ಷದ ಹಿತೇಶ್ ಸಾನಪಾಡಾದ ಒಂದು ಅನಿಮೇಷನ್ ಸ್ಟುಡಿಯೋದಲ್ಲಿದ್ದ. ಅಲ್ಲಿ ಹೊರದೇಶದವರಿಗಾಗಿ ‘ನೌಕೆ ನಲವತ್ತು’ ಎಂಬ ಕಾರ್ಟೂನ್ ಧಾರಾವಾಹಿ ತಯಾರಾಗುತ್ತದೆ. ಹನ್ನೊಂದು ಜನರನ್ನು ಹೊತ್ತ ಒಂದು ಆಕಾಶನೌಕೆ ಹನ್ನೆರಡು ವರ್ಷಗಳಿಂದ, ಆರು ಸೀಸನ್ನುಗಳಿಂದ, ಯಾವುದೋ ನಕ್ಷತ್ರದ ಕಡೆಗೆ ಹೋಗುತ್ತಲೇ ಇದೆ. ಒಳಗಿರುವವರಿಗೆ ವಯಸ್ಸಾಗುವುದಿಲ್ಲ, ಕಾರ್ಟೂನಿನವರಿಗೆ ಎಲ್ಲಿಯ ವಯಸ್ಸು? ಹಿತೇಶ್ ಚಿತ್ರ ಬಿಡಿಸುವವನಲ್ಲ, ಹಿಂದಿನದಕ್ಕೂ ಮುಂದಿನದಕ್ಕೂ ತಾಳೆ ನೋಡಿ ಸಣ್ಣಪುಟ್ಟ ತಪ್ಪು ತಿದ್ದುವವನು. ಕ್ಯಾಪ್ಟನ್ನಿನ ಮಗ್ಗಿನ ಅಂಚು ಎಡಗಡೆ ಒಡೆದಿದ್ದರೆ ಎಲ್ಲ ಎಪಿಸೋಡಿನಲ್ಲೂ ಎಡಗಡೆಯೇ ಒಡೆದಿರಬೇಕು. ಒಂದು ಬಾಗಿಲಿನ ಮೇಲಿರುವ ನಂಬರು ಮೊದಲ ಸೀಸನ್ನಿನಲ್ಲಿ ಕಾಣೆಯಾದ ಇನ್ನೊಂದು ನೌಕೆಯ ನಂಬರು. ಅದು ಯಾವ ಕಾಲಕ್ಕೂ ಬದಲಾಗಬಾರದು. ಇಂಥದ್ದನ್ನೆಲ್ಲ ಬರೆದಿಟ್ಟ ದಪ್ಪ ಫೈಲಿಗೆ ಅವರು ಬೈಬಲ್ ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿತೇಶ್ “ಟ್ರೇನಲ್ಲಿ ಕೂತು ಬೈಬಲ್ ಓದ್ದೆ” ಅಂದದ್ದಕ್ಕೆ ಮೋಹನದಾಸ ಎರಡು ದಿನ ಮಗನ ಕುತ್ತಿಗೆಯಲ್ಲಿ ಏನಾದರೂ ನೇತಾಡುತ್ತದೆಯೇ ಎಂದು ಕಳ್ಳನೋಟ ನೋಡಿದ್ದ.

ಈಗ ಸಂಕಟ ಬಂದದ್ದು ಅಭಿಮಾನಿಗಳಿಂದ. ಅವರು ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ತಪ್ಪು ಹುಡುಕಿ ಇಂಟರ್ನೆಟ್ಟಿಗೆ ಹಾಕುತ್ತಾರೆ. ಈ ಸೀಸನ್ನಿನಲ್ಲಿ ಆಗಲೇ ಮೂರು ಸಿಕ್ಕಿತ್ತು. ಸ್ಟುಡಿಯೋದ ಯಜಮಾನ ಯತಿನ್, “ಚೌಥಾ ನಿಕ್ಲಾ ತೋ ತೂ ಘರ್ ಬೈಠ್” ಎಂದು, ನಾಲ್ಕನೆಯದು ಸಿಕ್ಕರೆ ಕೆಲಸವಿಲ್ಲವೆಂದು ನೇರವಾಗಿ ಹೇಳಿದ್ದ. ಕೊನೆಯ ಎಪಿಸೋಡು ಶುಕ್ರವಾರ ಹೊರದೇಶಕ್ಕೆ ಹೋಗಬೇಕಿತ್ತು.

ಹಿತೇಶನದು ಸಂಜೆಯ ಪಾಳಿ. ಬುಧವಾರ ಮಧ್ಯಾಹ್ನ ಮೂರಕ್ಕೆ, ಊಟದವರು ಎದ್ದು ಚಹಾದವರು ಇನ್ನೂ ಬಾರದ ಹೊತ್ತಿನಲ್ಲಿ, ಲ್ಯಾಪ್‌ಟಾಪನ್ನು ಗಲ್ಲಾದ ಮೇಲೇ ತಂದಿಟ್ಟ.

“ಅಮ್ಮಾ, ಸ್ವಲ್ಪ ನೋಡು. ಮೇರಾ ದಿಮಾಗ್ ಬಂದ್ ಹೋ ಗಯಾ.”

“ನನಗೆ ಎಂತ ಗೊತ್ತಾಗ್ತದೆ ಮಾರಾಯ, ರಾಕೆಟ್ಟು?”

“ರಾಕೆಟ್ ಬಿಡು. ಕ್ಯಾಂಟೀನ್ ಸೀನ್ ಇದು. ಹೋಟೆಲ್ ಅಂತಲೇ ತಿಳ್ಕೊ.”

ಹೋಟೆಲ್ ಎಂದು ತಿಳಿದುಕೊಂಡ ಮೇಲೆ ಜಯಲತಾಳಿಗೆ ಕಷ್ಟವಾಗಲಿಲ್ಲ. ಡಾಕ್ಟರಮ್ಮನ ಲೋಟ ಬಲಗಡೆಯಿಂದ ಎಡಗಡೆಗೆ ಹಾರಿದ್ದನ್ನು ಹಿಡಿದಳು. ತಿಂದು ಮುಗಿಸಿದ ತಟ್ಟೆಯಲ್ಲಿ ಮತ್ತೆ ಅರ್ಧ ಊಟ ತುಂಬಿಕೊಂಡದ್ದನ್ನು ಹಿಡಿದಳು. ಹಿತೇಶ್ ಖುಷಿಯಿಂದ ಬರೆದುಕೊಳ್ಳುತ್ತಿದ್ದ. ಆಮೇಲೆ ಅವಳು ಕೇಳಿದಳು:

“ಈ ಮೂಲೆ ಟೇಬಲಿನವಳಿಗೆ ಯಾಕೆ ಯಾರೂ ಏನೂ ಕೊಡುವುದಿಲ್ಲ?”

“ಯಾರಿಗೆ?”

“ಬೆನ್ನು ಹಾಕಿ ಕೂತಿದ್ದಾಳಲ್ಲ, ಅವಳಿಗೆ. ಆಗಿನಿಂದ ನೋಡ್ತಾ ಇದ್ದೇನೆ. ಎದುರು ಒಂದು ನೀರಿನ ಲೋಟ ಕೂಡ ಇಲ್ಲ.”

ಹಿತೇಶ್ ಎಣಿಸಿದ. ಉದ್ದ ಟೇಬಲಿನ ಸುತ್ತ ಹತ್ತು ಜನ, ಒಲೆಯ ಹತ್ತಿರ ಅಡುಗೆಯವ. ಹನ್ನೊಂದು. ಹಿಂದೆ, ಬೆಳಕು ಕಡಿಮೆ ಇರುವ ಮೂಲೆಯಲ್ಲಿ, ಎತ್ತರದ ಸ್ಟೂಲಿನ ಮೇಲೆ ಹನ್ನೆರಡನೆಯವಳು.

ಹಳೆಯ ಸೀಸನ್ನುಗಳನ್ನು ತೆರೆದ. ಮೊದಲನೆಯದರಲ್ಲೂ ಇದ್ದಳು: ಹನ್ನೊಂದು ಹನ್ನೆರಡು ವರ್ಷದ ಹುಡುಗಿ, ಎರಡು ಜಡೆ, ನೆಲಕ್ಕೆ ಮುಟ್ಟದೆ ತೂಗುವ ಕಾಲು. ಮೂರನೆಯದರಲ್ಲಿ ಕಾಲು ನೆಲಕ್ಕೆ ಮುಟ್ಟಿತ್ತು. ಐದನೆಯದರಲ್ಲಿ ಜಡೆ ಒಂದಾಗಿತ್ತು. ಈಗ ಕೂದಲನ್ನು ಮೇಲೆ ಕಟ್ಟಿ, ತುಂಬಿದ ಭುಜದ ಹೆಣ್ಣಾಗಿ ಕೂತಿದ್ದಳು. ಹನ್ನೆರಡು ವರ್ಷದಲ್ಲಿ ಕ್ಯಾಪ್ಟನ್ನಿನ ಒಂದು ಕೂದಲೂ ನರೆತಿರಲಿಲ್ಲ. ಬೆಳೆದವಳು ಇವಳೊಬ್ಬಳೇ. ಒಂದು ಸಲವೂ ಮುಖ ಕಾಣಿಸಿರಲಿಲ್ಲ. ಒಂದು ಸಲವೂ ಎದುರು ತಟ್ಟೆ ಇರಲಿಲ್ಲ.

“ಬೈಬಲ್‌ನಲ್ಲಿ ಇವಳು ಇಲ್ಲವೇ ಇಲ್ಲ” ಎಂದ ಹಿತೇಶ್.

ಅಂದು ಸಂಜೆ ಸ್ಟುಡಿಯೋದಲ್ಲಿ ಕೇಳಿದ. ಅವಳನ್ನು ಯಾರೂ ಬಿಡಿಸಿರಲಿಲ್ಲ. ಅವನೇ ಅಳಿಸಿದ. ಗುರುವಾರ ಮಧ್ಯಾಹ್ನ ಹೊಸದಾಗಿ ತಯಾರಾದ ಚಿತ್ರ ಬಂದಾಗ ಅಮ್ಮನೂ ಮಗನೂ ಒಟ್ಟಿಗೆ ನೋಡಿದರು. ಅಲ್ಲೇ ಕೂತಿದ್ದಳು. ಯತಿನ್‌ಗೆ ಫೋನು ಹಚ್ಚಿದರೆ ಅವನ ಸ್ವರ ಗಲ್ಲಾದಾಚೆಗೂ ಕೇಳಿಸಿತು: “ಅರೇ ಭಾಯ್, ಭೂತ್-ವೂತ್ ಛೋಡ್. ಉಸ್ ಕೋನೇ ಕಾ ಲೈಟ್ ಬಂದ್ ಕರ್ ದೇ. ಅಂಧೇರೇ ಮೇಂ ಕೌನ್ ದೇಖ್ತಾ ಹೈ?”

ಫೋನು ಇಟ್ಟು ಹಿತೇಶ್ ನಿರಾಳವಾದ. “ಸಹೀ ಹೈ. ಮೂಲೆ ಪೂರಾ ಕಪ್ಪು ಮಾಡಿದ್ರೆ ಆಯ್ತು. ಖತಮ್.”

“ಆರಿಸಬೇಡ” ಎಂದಳು ಜಯಲತಾ.

“ನಾಳೆ ಫ್ರೈಡೇ ಅಮ್ಮಾ!”

“ಕೂತವರ ತಲೆ ಮೇಲಿನ ಲೈಟು ಆರಿಸ್ತಾರಾ? ಬೇಡ ಅಂದೆ. ಹನ್ನೆರಡು ವರ್ಷ ಆಯ್ತು ಅಂದೆಯಲ್ಲ ಇದು ಶುರುವಾಗಿ? ನಾನು ನಿನ್ನೆಯಿಂದ ಲೆಕ್ಕ ಹಾಕ್ತಾ ಇದ್ದೇನೆ. ಅವಳಿಗೆ ಈಗ ಇಪ್ಪತ್ತನಾಲ್ಕು.” ದೋಸೆಗೆ ಹೇಳುವಷ್ಟೇ ಸಾದಾ ದನಿಯಲ್ಲಿ ಹೇಳಿದಳು: “ಅವಳು ನಿನ್ನ ತಂಗಿ.”

ಹಿತೇಶನಿಗೆ ಎರಡು ವರ್ಷವಾಗಿದ್ದಾಗ ಹುಟ್ಟಿದವಳು. ಒಂಬತ್ತು ದಿನ ಇದ್ದಳು. ಆಮೇಲೆ ಮೂರನೆಯ ದಿನಕ್ಕೆ ಹೋಟೆಲಿನ ಬಾಗಿಲು ತೆರೆಯಲೇಬೇಕಾಯಿತು. ತೆರೆದ ಮೇಲೆ ಅಳುವುದಕ್ಕೆ ಹೊತ್ತಿರಲಿಲ್ಲ. ಊರ ಕಡೆಯವರ ನಂಬಿಕೆಯಲ್ಲಿ ಸತ್ತ ಮಗು ಮಗುವಾಗಿ ಉಳಿಯುವುದಿಲ್ಲ. ಇಲ್ಲಿ ಬೆಳೆಯುವ ಹಾಗೆಯೇ ಆ ಕಡೆಯೂ ವರ್ಷಕ್ಕೊಂದು ವರ್ಷ ಬೆಳೆಯುತ್ತದೆ. ವರ್ಷಕ್ಕೊಮ್ಮೆ ಹತ್ತಿರದ ಠಾಕುರ್ಲಿಯ ತಮ್ಮ ಮನೆಯಲ್ಲೂ ಅವರು ತೀರಿಕೊಂಡ ಹಿರಿಯರಿಗೆ ಎಲೆ ಹಾಕಿ, ಬಿಸಿಬಿಸಿ ಬಡಿಸಿ, ಬಾಗಿಲೆಳೆದು ಹೊರಗೆ ಕಾಯುತ್ತಾರೆ. ಮಗುವಿಗೆ ಮಾತ್ರ ಎಲೆ ಹಾಕಿರಲಿಲ್ಲ. ಒಂಬತ್ತು ದಿನದ್ದು ಏನು ಉಣ್ಣುತ್ತದೆ ಎಂದು ಮೋಹನದಾಸ ಕೇಳಿದ್ದ, ಇವಳಿಗೂ ಹೌದೆನ್ನಿಸಿತ್ತು. ಒಂಬತ್ತು ದಿನದ್ದು ಇಪ್ಪತ್ತನಾಲ್ಕು ವರ್ಷದ್ದಾದೀತು, ಅದಕ್ಕೆ ಹಸಿವಾದೀತು ಎಂಬುದು ಹೊಳೆದಿರಲಿಲ್ಲ. ದಿನಕ್ಕೆ ಆರುನೂರು ಜನಕ್ಕೆ ಬಡಿಸುವವಳಿಗೆ.

ಹಿತೇಶ್ ಅಡುಗೆಮನೆಯ ಕಡೆ ನೋಡಿದ. “ಪಪ್ಪಾಗೆ ಗೊತ್ತಾ?”

“ಹುಟ್ಟಿದ್ದು ಗೊತ್ತು. ಇಲ್ಲಿ ಬಂದು ಕೂತದ್ದು ಗೊತ್ತಿಲ್ಲ. ಒಂದು ತಟ್ಟೆ ಇಡು ಮಗಾ ಅವಳೆದುರು.”

“ಅರೇ ಅಮ್ಮಾ! ಆ ಶಿಪ್ಪಲ್ಲಿ ಇರೋದೇ ಹನ್ನೊಂದು ತಟ್ಟೆ. ಮೂರನೇ ಸೀಸನ್‌ನಲ್ಲಿ ತಟ್ಟೆಗೋಸ್ಕರ ಪೂರಾ ಒಂದು ಎಪಿಸೋಡ್ ಜಗಳ ಆಗಿದೆ. ಹನ್ನೆರಡನೇದು ಇಟ್ರೆ ಐದು ನಿಮಿಷದಲ್ಲಿ ಹಿಡೀತಾರೆ. ಮೈ ಗಯಾ ಕಾಮ್ ಸೇ.”

ಮಗನ ಕೆಲಸವೂ ಹೋಗಬಾರದು, ಮಗಳನ್ನು ಕತ್ತಲಲ್ಲಿ ಕೂರಿಸಲೂಬಾರದು. ಜಯಲತಾ ಆ ಸೀನನ್ನು ಮತ್ತೊಮ್ಮೆ ಹಾಕಿಸಿದಳು. ಮತ್ತೊಮ್ಮೆ. ಮೂರನೆಯ ಸಲ ಕೇಳಿದಳು:

“ಈ ಅಡುಗೆಯವ ಯಾವಾಗ ತಿನ್ನುವುದು?”

“ಅವನು ತಿಂದದ್ದು ಯಾವತ್ತೂ ತೋರಿಸಿಲ್ಲ.”

“ಹಾಗಾದರೆ ಟೇಬಲಲ್ಲಿ ಹತ್ತೇ ತಟ್ಟೆ. ಅವನ ತಟ್ಟೆ ಎಲ್ಲಿ?”

ಹಿತೇಶ್ ಚಿತ್ರವನ್ನು ದೊಡ್ಡದು ಮಾಡಿದ. ಅಡುಗೆಯವನ ಹಿಂದಿನ ಕಪಾಟಿನಲ್ಲಿ, ಆರು ಸೀಸನ್ನಿನಲ್ಲೂ, ಒಂದು ತಟ್ಟೆ ಬೋರಲಾಗಿ ಬಿದ್ದಿತ್ತು.

“ಅದನ್ನು ತೆಗೆದು ಅವಳಿಗೆ ಕೊಡು.”

“ಮತ್ತೆ ಕುಕ್?”

“ಅಡುಗೆಯವರು ಯಾವಾಗಲೂ ಕೊನೆಗೇ ಉಣ್ಣುವುದು. ಹೋಗು, ನಿನ್ನ ಅಪ್ಪನನ್ನು ಕೇಳು, ಇವತ್ತು ಎಷ್ಟು ಗಂಟೆಗೆ ಉಂಡರು ಅಂತ.”

ನೌಕೆಯ ಊಟವೆಂದರೆ ಬೂದಿಬಣ್ಣದ ಗಂಜಿ. ಪರವಾಗಿಲ್ಲ, ಬಿಸಿ ಇರಲಿ, ಮೇಲೆ ಸ್ವಲ್ಪ ಹಬೆ ಬಿಡಿಸು ಎಂದಳು. ಹಿತೇಶ್ ಬಿಡಿಸಿದ. ಶುಕ್ರವಾರ ಎಪಿಸೋಡು ಹೋಯಿತು. ಕಪಾಟು ಖಾಲಿ, ಮೂಲೆಯ ಟೇಬಲಿನಲ್ಲಿ ತುಂಬಿದ ತಟ್ಟೆ, ಬೆನ್ನು ಹಾಕಿದವಳು ಹಾಗೆಯೇ.

ಸೋಮವಾರ ಮಧ್ಯಾಹ್ನ ಹಿತೇಶ್ ಬಂದಾಗ ನಗಬೇಕೋ ಹೆದರಬೇಕೋ ತಿಳಿಯದವನ ಹಾಗಿದ್ದ. ಹೊರದೇಶದವರಿಗೆ ಬಹಳ ಇಷ್ಟವಾಗಿತ್ತಂತೆ. ತನ್ನ ತಟ್ಟೆಯನ್ನೇ ಬಿಟ್ಟುಕೊಟ್ಟ ಅಡುಗೆಯವ! ಇಡೀ ಸೀಸನ್ನಿಗೆ ಇಂಥ ಸೀನಿಲ್ಲ ಎಂದರಂತೆ. ಯತಿನ್ ಬೆನ್ನು ತಟ್ಟಿ ವಡಾಪಾವ್ ತರಿಸಿದನಂತೆ.

“ಆದರೆ ಇದು ನೋಡು” ಎಂದು ಲ್ಯಾಪ್‌ಟಾಪ್ ತೆರೆದ. “ನಾನು ಕಳಿಸಿದ್ದು ತುಂಬಿದ ತಟ್ಟೆ. ನಿನ್ನೆದುರೇ ಮಾಡಿದ್ದಲ್ವಾ? ಅಲ್ಲಿ ತಲುಪಿದ್ದು ಇದು.”

ತಟ್ಟೆ ಖಾಲಿಯಾಗಿತ್ತು. ಬಳಿದು ಉಂಡವರ ತಟ್ಟೆ. ಜಯಲತಾ ಉಸಿರು ಬಿಟ್ಟಳು.

“ಇನ್ನೊಂದು. ಅವಳನ್ನು ಬೈಬಲ್‌ಗೆ ಹಾಕಬೇಕಂತೆ. ಮುಂದಿನ ಸೀಸನ್‌ನಿಂದ ಪಕ್ಕಾ. ವರ್ಷ ವರ್ಷ ಬೆಳೀತಾಳೆ ಅಂತಲೇ ಬರೀತೇನೆ, ಆಗ ಯಾರೂ ತಪ್ಪು ಅನ್ನೋ ಹಾಗಿಲ್ಲ.” ಅವನು ಖಾಲಿ ಕಾಲಮ್ಮಿನ ಮೇಲೆ ಬೆರಳಿಟ್ಟ. “ಹೆಸರು ಕೇಳ್ತಿದ್ದಾರೆ.”

ಹೆಸರಿಡುವ ದಿನದ ತನಕ ಮಗು ಇರಲಿಲ್ಲ. ಆದರೆ ಜಯಲತಾ ಮನಸ್ಸಿನಲ್ಲಿ ಒಂದನ್ನು ಆರಿಸಿಕೊಂಡಿದ್ದಳು, ಗಂಡನಿಗೂ ಹೇಳಿರಲಿಲ್ಲ. ಹೆಸರನ್ನು ಮೊದಲು ಮಗುವಿನ ಕಿವಿಯಲ್ಲಿ ಹೇಳಬೇಕು, ಜನಕ್ಕೆ ಆಮೇಲೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಗಲ್ಲಾದ ಮೇಲೆ ಬಗ್ಗಿದಳು. ಮೇಲೆ ಕಟ್ಟಿದ ಕೂದಲಿನ ಪಕ್ಕ, ಅಕ್ಕಿಕಾಳಿನಷ್ಟು ಕಾಣುವ ಆ ಕಿವಿಯ ಹತ್ತಿರ ಬಾಯಿ ತಂದು, ಮೂರು ಸಲ ಪಿಸುಗುಟ್ಟಿದಳು.

“ಜೋರಾಗಿ ಹೇಳಮ್ಮಾ, ಟೈಪ್ ಮಾಡಬೇಕು.”

“ನಿಲ್ಲು. ಮೊದಲು ಅವಳಿಗೆ.”

ಹಿತೇಶನ ಎರಡೂ ಕೈ ಗಾಳಿಯಲ್ಲಿದ್ದವು, ಕೀಬೋರ್ಡನ್ನು ಮುಟ್ಟಿರಲಿಲ್ಲ. ನಿಂತ ಚಿತ್ರದಲ್ಲಿ ಹತ್ತು ಜನ ಎತ್ತಿದ ಚಮಚ ಎತ್ತಿದ ಹಾಗೆಯೇ ಕೂತಿದ್ದರು, ಅಡುಗೆಯವನ ಸೌಟು ಅರ್ಧಕ್ಕೇ ನಿಂತಿತ್ತು. ಅವರ ಹಿಂದೆ, ಮೂಲೆಯಲ್ಲಿ, ಯಾರೋ ಕರೆದದ್ದು ಕೇಳಿಸಿದವರ ಹಾಗೆ ಒಂದು ತಲೆ ನಿಧಾನವಾಗಿ ಈ ಕಡೆ ತಿರುಗತೊಡಗಿತು.

“ಶ್ರೀವಾಣಿ” ಎಂದಳು ಜಯಲತಾ, ಸ್ಕ್ರೀನಿನಿಂದ ಕಣ್ಣು ತೆಗೆಯದೆ, ಮಗನಿಗೂ ಕೇಳುವಷ್ಟು ಜೋರಾಗಿ. “ಬರಕೋ.”