ಒಲೆ ಹಚ್ಚುತ್ತಿದ್ದವರು ಯಾರು?

ಬೇಕರಿಯವಳ ಅಮ್ಮ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ, ಬ್ರೆಡ್ಡಿನ ಗ್ಯಾಸ್ ಒಲೆ ತಾನಾಗಿಯೇ ಹತ್ತತೊಡಗಿತು. ಮಧ್ಯಾಹ್ನ ಅಂಗಡಿ ಬಾಗಿಲು ಎಳೆದು ಊಟ ಮುಗಿಸಿ ಬರುವಷ್ಟರಲ್ಲಿ ಹಿಂದಿನ ಕೋಣೆ ಕಾದು ಕೆಂಡವಾಗಿರುತ್ತಿತ್ತು. ಒಲೆಯೊಳಗೆ ಬ್ರೆಡ್ ಟಿನ್ನುಗಳು ಸಾಲಾಗಿ ಕೂತಿರುತ್ತಿದ್ದವು, ಒಂದರಲ್ಲೂ ಹಿಟ್ಟಿಲ್ಲ. ಒಂದು ದಿನ ಸಕ್ಕರೆ ಡಬ್ಬಿಯಲ್ಲಿ ಉಪ್ಪು. ಇನ್ನೊಂದು ದಿನ, ಮೇಜಿನ ಮೇಲೆ ಚೆಲ್ಲಿದ ಮೈದಾದಲ್ಲಿ ಒಂದು ಪುಟ್ಟ ಅಂಗೈ ಗುರುತು.

ಬೇಕರಿಯವಳು ಅದರ ಮೇಲೆ ತನ್ನ ಕೈ ಇಟ್ಟು ನೋಡಿದಳು. ಅವಳದು ದೊಡ್ಡ ಕೈ, ಹೊಂದಲಿಲ್ಲ. ಇದು ಅಮ್ಮನದೇ ಅನ್ನಿಸಿದಾಗ ಮೈ ಜುಮ್ಮೆಂದಿತು. ನಿಜ ಹೇಳಬೇಕೆಂದರೆ ಹೆದರಿಕೆಗಿಂತ ಸಂತೋಷವೇ ಹೆಚ್ಚಾಯಿತು. ಯಾರೂ ಅಳಿಸದಿರಲಿ ಎಂದು ಆ ಗುರುತಿನ ಮೇಲೊಂದು ಪಾತ್ರೆ ಬೋರಲು ಹಾಕಿಟ್ಟಳು.

ಸಂತೋಷಕ್ಕೆ ಕಾರಣವಿತ್ತು. ಅಮ್ಮ ಸಾಯುವುದಕ್ಕೆ ಮೊದಲೇ ಮಗಳ ಕೈತಪ್ಪಿ ಹೋಗಿದ್ದಳು. ಶುರುವಿನಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದಳು, ಚಿಲ್ಲರೆ ಕೊಡಲು ತಡವರಿಸುತ್ತಿದ್ದಳು. ಅರವತ್ತಕ್ಕೆ ಅರಳುಮರಳು ಎಂದು ಮನೆಯವರೆಲ್ಲ ನಕ್ಕು ಸುಮ್ಮನಾದರು. ನಗುವುದೇನು ಮಹಾ, ಕಾಸು ಕೊಡಬೇಕಾ ಅದಕ್ಕೆ? ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಅಮ್ಮ ಹೆತ್ತ ಮಗಳನ್ನೇ ನೋಡಿ 'ನಿಮಗೆಷ್ಟು ಬ್ರೆಡ್ ಬೇಕಮ್ಮ' ಎಂದು ಕೇಳುವಂತಾಗಿದ್ದಳು. ಅದು ಮಿದುಳನ್ನು ನಿಧಾನವಾಗಿ ಸವೆಸುವ ಅಲ್ಝೈಮರ್ ಕಾಯಿಲೆ ಎಂದರು ಡಾಕ್ಟರು. ಹಾಗೆ ಎಲ್ಲವನ್ನೂ ಮರೆತು ಹೋದ ಅಮ್ಮ ಈಗ ದಾರಿ ನೆನಪಿಟ್ಟುಕೊಂಡು ಮನೆಗೆ ಬರುತ್ತಿದ್ದಾಳೆ ಎಂದರೆ ಯಾವ ಮಗಳು ಬೇಡ ಅಂದಾಳು?

ಗಂಡ ಬೆದರಿ ಹಿಂದಿನ ಕೋಣೆಗೆ ಕಾಲಿಡುವುದನ್ನೇ ಬಿಟ್ಟ. ಮುದುಕಿಗೆ ಬೇಕರಿ ಮೇಲಿನ ಆಸೆ ಹೋಗಿಲ್ಲ ಎಂದರು ಬೀದಿಯವರು; ಬ್ರೆಡ್ ಕೊಳ್ಳುವುದನ್ನು ಮಾತ್ರ ಯಾರೂ ಬಿಡಲಿಲ್ಲ. ಮನೆಯಲ್ಲೇ ಇದ್ದ ಚಿಕ್ಕಮ್ಮ, ಅಮ್ಮನ ತಂಗಿ, ಕೊನೆಯವರೆಗೂ ಅಕ್ಕನಿಗೆ ತುತ್ತಿಟ್ಟವಳು. ದೆವ್ವದ ಮಾತು ಬಂದಾಗಲೆಲ್ಲ ಅವಳು 'ಅಕ್ಕನೇ, ಅಕ್ಕನೇ' ಎಂದು ತಲೆಯಾಡಿಸುತ್ತಿದ್ದಳು.

ಸಂಜೆ ಬನ್ನಿಗೆ ಬರುತ್ತಿದ್ದ ಆಸ್ಪತ್ರೆಯ ನರ್ಸಕ್ಕನಿಗೆ ಬೇಕರಿಯವಳು ಇದನ್ನೆಲ್ಲ ಹೆಮ್ಮೆಯಿಂದಲೇ ಹೇಳಿದಳು. ನರ್ಸಕ್ಕ ಅಗಿಯುವುದನ್ನು ನಿಲ್ಲಿಸಿದರು.

"ಅಲ್ಲಮ್ಮ, ಆ ಹೊತ್ತಲ್ಲಿ ಚಿಕ್ಕಮ್ಮ ಎಲ್ಲಿರ್ತಾರೆ?"

"ಮಲಗಿರ್ತಾರೆ. ಅವರನ್ಯಾಕೆ ಎಳೀತೀರಿ ಮಧ್ಯಕ್ಕೆ?"

"ಅವರ ಕೈ ಎಷ್ಟು ದೊಡ್ಡದು, ನೋಡಿದೀರಾ?"

ಬೇಕರಿಯವಳಿಗೆ ರೇಗಿಹೋಯಿತು. ಚಿಕ್ಕಮ್ಮ ಗುಂಡುಕಲ್ಲಿನ ಹಾಗಿದ್ದಾಳೆ, ನಿಮ್ಮ ಕಣ್ಣಿಗೆ ಊರೆಲ್ಲ ರೋಗಿಗಳೇ ಎಂದಳು. ಆ ಮಾತು ಮುಗಿಯುವ ಮೊದಲೇ ಹಿಂದಿನ ಕೋಣೆಯಲ್ಲಿ ಟಿನ್ನು ಸದ್ದಾಯಿತು. ಭುಸ್ಸೆಂದು ಒಲೆ ಹತ್ತಿತು. ಯಾರೋ ಸಣ್ಣಗೆ ಗುನುಗುತ್ತಿದ್ದರು, ಥೇಟ್ ಅಮ್ಮನ ಧ್ವನಿ. ಬೇಕರಿಯವಳು 'ಅಮ್ಮಾ' ಎನ್ನುತ್ತ ಒಳಗೆ ಓಡಿದಳು, ಹಿಂದೆಯೇ ನರ್ಸಕ್ಕನೂ ಬಂದರು.

ಅಮ್ಮನ ಏಪ್ರನ್ ಕಟ್ಟಿಕೊಂಡು, ಈ ಕಡೆ ಬೆನ್ನು ಮಾಡಿ, ಒಬ್ಬಳು ಖಾಲಿ ಟಿನ್ನುಗಳನ್ನು ಒಂದೊಂದಾಗಿ ಒಲೆಗೆ ತಳ್ಳುತ್ತಿದ್ದಳು. ತಿರುಗಿದಾಗ ಕಂಡ ಮುಖ ಚಿಕ್ಕಮ್ಮನದು. ಒಂದು ಕ್ಷಣ ಅವಳು ಇವರನ್ನು ಗುರುತೇ ಇಲ್ಲದವಳ ಹಾಗೆ ನೋಡಿದಳು. ಆಮೇಲೆ ಕೈಯಲ್ಲಿದ್ದ ಟಿನ್ನಿನೊಳಗೆ ಇಣುಕಿದಳು. ಅದರಲ್ಲಿ ಏನೂ ಇಲ್ಲದ್ದು ಕಂಡು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ನಾನೇ ಕಣೇ," ಎಂದಳು. "ಇಲ್ಲಿಗೆ ಯಾಕೆ ಬಂದೆ ಅನ್ನೋದೇ ಒಂದೊಂದ್ಸಲ ಗೊತ್ತಾಗಲ್ಲ. ಅಕ್ಕನಿಗೂ ಹೀಗೇ ಶುರುವಾಗಿದ್ದು, ನಾನೇ ನೋಡಿದೀನಲ್ಲ. ನೀವೆಲ್ಲ ಅಕ್ಕ ಬರ್ತಾಳೆ ಅಂದಾಗ, ದೇವರೇ, ದೆವ್ವಾನೇ ಆಗಿರ್ಲಪ್ಪ, ನಾನಾಗಿರೋದು ಬೇಡ ಅಂತ ಬೇಡ್ಕೊಂಡೆ."

ಬೇಕರಿಯವಳು ಒಲೆ ಆರಿಸಿ ಅಲ್ಲೇ ಕುಸಿದು ಕೂತು ಅತ್ತಳು. ಅಮ್ಮ ಬಂದಿರಲಿಲ್ಲ, ಇನ್ನು ಬರುವುದೂ ಇಲ್ಲ. ಸಾವಿನ ದಿನವೂ ಬಾರದ ಅಳು ಅದು. ಚಿಕ್ಕಮ್ಮನೇ ಪಕ್ಕದಲ್ಲಿ ಕೂತು ಅವಳ ತಲೆ ಸವರಿದಳು.

ನರ್ಸಕ್ಕ ಅಳುವಷ್ಟು ಅಳಲು ಬಿಟ್ಟು, ಆಮೇಲೆ ಬಿಡಿಸಿ ಹೇಳಿದರು. ಎಲ್ಲ ಮರೆವೂ ಅಲ್ಝೈಮರ್ ಕಾಯಿಲೆಯೇ ಆಗಿರುವುದಿಲ್ಲ. ಥೈರಾಯ್ಡ್ ತೊಂದರೆ, ವಿಟಮಿನ್ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು, ಅವಕ್ಕೆ ಚಿಕಿತ್ಸೆಯಿದೆ. ಅದೇ ಕಾಯಿಲೆಯಾದರೆ ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ, ಆದರೂ ಬೇಗ ಗೊತ್ತಾದರೆ ಕಷ್ಟ ತಗ್ಗಿಸುವ ದಾರಿಗಳಿವೆ. ಅಷ್ಟರಲ್ಲಿ ಅಳು ಕೇಳಿ ಬಂದಿದ್ದ ಗಂಡ, ವಾಸಿಯಾಗದ ಕಾಯಿಲೆಗೆ ಆಸ್ಪತ್ರೆ ಅಲೆದು ಏನು ಪ್ರಯೋಜನ ಎಂದ. ಉತ್ತರ ಕೊಟ್ಟವಳು ಚಿಕ್ಕಮ್ಮ.

"ನನಗೇನು ಬೇಕು ಅಂತ ಹೇಳೋಕೆ ನನಗೆ ಬಾಯಿರುವಾಗಲೇ ಕರ್ಕೊಂಡು ಹೋಗಪ್ಪ. ಅಕ್ಕನ್ನ ಯಾರೂ ಕೇಳಲೇ ಇಲ್ಲ."

ಮಾರನೆಯ ದಿನ ಬೇಕರಿ ತೆರೆಯಲಿಲ್ಲ. ಪರೀಕ್ಷೆಗಳಾದವು. ಅಕ್ಕನಿಗಿದ್ದ ಕಾಯಿಲೆಯೇ, ಆದರೆ ಇನ್ನೂ ಶುರುವಿನ ಹಂತ. ಗ್ಯಾಸಿಗೆ ಬೀಗ ಬಿತ್ತು. ಮಧ್ಯಾಹ್ನ ಚಿಕ್ಕಮ್ಮನ ಜೊತೆ ಯಾರಾದರೊಬ್ಬರು ಇರುತ್ತಾರೆ. ಅವಳೀಗ ಹಿಟ್ಟು ನಾದುತ್ತಾಳೆ, ನಾದುತ್ತ ಅಕ್ಕನ ಬಾಲ್ಯದ ತುಂಟಾಟಗಳನ್ನು ಹೇಳುತ್ತಾಳೆ. ಬೇಕರಿಯವಳು ಕೇಳಿದ್ದನ್ನೇ ಮತ್ತೆ ಕೇಳುತ್ತಾಳೆ, ನಗುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ. ಅಮ್ಮನಿಗೆ ಅವಳು ಸಲ್ಲಿಸುವ ಗೌರವ ಇದೇ.

ಇದನ್ನು ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಸಾಮಾನು ಜಾಗ ತಪ್ಪುತ್ತಿದೆಯೇ? ಹಿರಿಯರು ಕೇಳಿದ್ದನ್ನೇ ಕೇಳುತ್ತಿದ್ದಾರೆಯೇ, ಜೀವಮಾನವಿಡೀ ಮಾಡಿದ ಕೆಲಸದಲ್ಲಿ ತಡವರಿಸುತ್ತಿದ್ದಾರೆಯೇ? ಅದನ್ನು ದೆವ್ವದ ಮೇಲೆ ಹಾಕಬೇಡಿ, ವಯಸ್ಸಿನ ಮೇಲೂ ಹಾಕಬೇಡಿ. ಗದರಿಸದೆ, ನಗದೆ, ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿ, ಬೇಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅವರಿಗೆ ಆಗಲೇ ಗೊತ್ತಿರಬಹುದು. ನಿಮಗಿಂತ ಹೆಚ್ಚು ಹೆದರಿರುವವರು ಅವರೇ.